ಹೊಟ್ಟೆಯಿಲ್ಲದ ಹಡಗು

ಬಾನಿಯ ನೀರಿಗೆ ಬಿಟ್ಟ ಕೂಡಲೇ ಹಡಗು ಎಡಕ್ಕೆ ವಾಲಿ ಮಲಗಿಬಿಟ್ಟಿತು. ದೇವಿಂದ್ರಪ್ಪ ಗಡಬಡಿಸಿ ಅದನ್ನೆತ್ತಿ ಧೋತರದ ಅಂಚಿನಿಂದ ಒರೆಸಿದ. ಅವನು ಬಂಡಿ ಮಾಡುವ ಬಡಿಗ, ಸಮುದ್ರ ಕಂಡವನಲ್ಲ. ಹುಮನಾಬಾದಿನ ಪೇಟೆಯಲ್ಲಿ ಬೆಲ್ಲ ಕಟ್ಟಿಕೊಟ್ಟ ಅಖಬಾರಿನ ಹಾಳೆಯಲ್ಲಿ ಹಡಗಿನ ಚಿತ್ರವೊಂದಿತ್ತು. ಅದನ್ನು ನೋಡಿಕೊಂಡು, ಬಿಡುವಾದಾಗಲೆಲ್ಲ ಸಾಗುವಾನಿಯಲ್ಲಿ ಹನ್ನೆರಡು ವರ್ಷ ಕೆತ್ತಿದ್ದ. ಚಿಮಣಿ, ಕಂಬ, ಹಗ್ಗ, ಬೆರಳುದ್ದದ ಏಣಿ, ಒಂದೂ ಬಿಟ್ಟಿರಲಿಲ್ಲ. "ಹಡಗೇನೋ ಬಂತು, ಸಮುದ್ರ ಯಾವಾಗ ತರ್ತೀರಿ?" ಎಂದು ಹೆಂಡತಿ ಚಂದಮ್ಮ ಕಾಡಿಸುತ್ತಿದ್ದಳು. ನೆಂಟರು ಬಂದರೆ ಮೊದಲು ಅದನ್ನೇ ತೋರಿಸುತ್ತಿದ್ದವಳೂ ಅವಳೇ.

ನಿನ್ನೆ ಓಣಿಯ ಅಕ್ಬರಿ ಬಂದು ಹೊಸ್ತಿಲಲ್ಲಿ ಕೂತಿದ್ದಳು. ಅವಳ ಗಂಡ ಗುಲಾಮ್ ರಸೂಲ್ ಮುಂಬಯಿಯ ಹಡಗೊಂದರಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುವವನು. ದೇಶದೇಶಗಳ ಲಡಾಯಿ ಶುರುವಾಗಿ ಮೂರು ವರ್ಷ. ಅವನ ಕಾಗದ ನಿಂತು ಎಂಟು ತಿಂಗಳು. ನೀರಿನ ಮೇಲೆ ಹೋದವರನ್ನು ಕಾಯುವವರು ಖ್ವಾಜಾ ಖಿಜರ್. ಅವರ ಹೆಸರಿನಲ್ಲಿ ಗುರುವಾರ ಕೆರೆಗೆ ದೀಪದ ದೋಣಿ ಬಿಡುವುದು ಅವಳ ಮನೆಯ ಪದ್ಧತಿ. ದೀಪ ಮುಳುಗಬಾರದು. ಬಿಟ್ಟದ್ದನ್ನು ಮರಳಿ ತರಬಾರದು.

"ನಮ್ಮತ್ತಿ ಹುಲ್ಲಿನ ದೋಣಿ ಬಿಡೂನು ಅಂತಾಳ. ನನಗ ಇದೇ ಬೇಕ್ರಿ ಕಾಕಾ. ಇದಕ್ಕ ಅವರ ಕೈ ತಾಗ್ಯದ" ಎಂದು ಹಡಗಿನ ಕಡೆ ಕೈ ತೋರಿಸಿದಳು.

ದೇವಿಂದ್ರಪ್ಪ ಹಡಗನ್ನು ತನ್ನ ಕಡೆ ಎಳೆದುಕೊಂಡ. ಆದರೂ ಅವಳ ಮುಖ ನೋಡಿ ಇಲ್ಲವೆನ್ನಲಾಗಲಿಲ್ಲ. "ನಾಳಿ ಸಂಜಿಗಿ ಕೆರಿಗಿ ತರ್ತೀನಿ, ನಡಿಯವ್ವಾ" ಎಂದುಬಿಟ್ಟ.

ಈಗ ನೋಡಿದರೆ ಹಡಗು ನಿಲ್ಲುವುದೇ ಇಲ್ಲ. ಕಾರಣ ಅವನಿಗೆ ಗೊತ್ತಿತ್ತು. ಕಳೆದ ಸಲ ರಜೆಗೆ ಬಂದಾಗ ರಸೂಲ್ ಇದೇ ಅಂಗಳದಲ್ಲಿ ಕೂತು ಚಿಮಣಿಯನ್ನು ತುಸು ಹಿಂದಕ್ಕೆ ವಾಲಿಸಿ ಸರಿಮಾಡಿದ್ದ. ಆಮೇಲೆ ಹಡಗನ್ನು ತಿರುಗಿಸಿ ನೋಡಿ ನಕ್ಕಿದ್ದ.

"ಕಾಕಾ, ಇದರ ಹೊಟ್ಟಿ ಎಲ್ಲ್ಯದರಿ?"

ಚಿತ್ರದಲ್ಲಿ ಹಡಗು ನೀರಿನ ಮೇಲಷ್ಟೇ ಕಾಣುತ್ತಿತ್ತು. ಚಿತ್ರ ಮುಗಿದಲ್ಲಿ ದೇವಿಂದ್ರಪ್ಪನ ಹಡಗೂ ಮುಗಿದಿತ್ತು, ರೊಟ್ಟಿ ಬಡಿಯುವ ಹಲಗೆಯಂತೆ ಚಪ್ಪಟೆಯಾಗಿ. ರಸೂಲ್ ಮೊಳೆ ತೆಗೆದುಕೊಂಡು ಬುಡದ ಸುತ್ತ ಒಂದು ಗೆರೆ ಗೀರಿದ. "ನೀರು ಇಲ್ಲೀತನಕ ಬರ್ತದ. ಕೆಳಗ ಇನ್ನೂ ಇಷ್ಟು ಇರ್ತದ ನೋಡ್ರಿ."

"ನೀರಾಗ ಮುಳುಗಿದ್ದು ಯಾರು ನೋಡ್ತಾರೋ ಮಾರಾಯಾ?"

"ಯಾರೂ ನೋಡಲ್ರಿ" ಎಂದು ರಸೂಲ್ ಮೊಳೆ ಕೆಳಗಿಟ್ಟ. "ನಾ ಅಲ್ಲೇ ಇರ್ತೀನಿ."

ಅಂದು ದೇವಿಂದ್ರಪ್ಪನಿಗೆ ತನ್ನ ಹಡಗಿನ ಮೇಲೆ ಗೀರು ಬಿದ್ದ ಸಿಟ್ಟು. ಆ ಮಾತು ಕಿವಿಗೇ ಹೋಗಿರಲಿಲ್ಲ. ಇಂದು ಬಾನಿಯ ಮುಂದೆ ಕುಕ್ಕರಗಾಲಲ್ಲಿ ಕೂತಾಗ ಹೋಯಿತು.

ಬಂಡಿಯ ನೊಗಕ್ಕೆಂದು ಇಟ್ಟಿದ್ದ ಮರ ತೆಗೆದ. ಹಡಗನ್ನು ಬೋರಲು ಹಾಕಿದಾಗ ಮುಂದಿನ ಕಂಬ ಲಟಕ್ಕನೆ ಮುರಿಯಿತು. ಅದನ್ನು ನೋಡುತ್ತ ಕೂರಲು ಹೊತ್ತಿರಲಿಲ್ಲ. ಮಧ್ಯಾಹ್ನದವರೆಗೆ ಆ ಮರದಲ್ಲಿ ಹೊಟ್ಟೆ ಕೊರೆದ, ಅದರ ತಳದಲ್ಲಿ ಭಾರಕ್ಕೆಂದು ಬಂಡಿಯ ಹಳೆಯ ಅಚ್ಚಿನ ಕಬ್ಬಿಣದ ತುಂಡುಗಳನ್ನು ಕೂಡಿಸಿದ. ಹೊರಮೈ ನುಣುಪಾಗುವಂತೆ ಉಜ್ಜತೊಡಗಿದಾಗ ಚಂದಮ್ಮ ಬಂದಳು.

"ನೀರಿಗಿ ಬಿಡೋದಕ್ಕ ಅಷ್ಟ್ಯಾಕ ಉಜ್ಜಾಕತ್ತೀರಿ? ಕೆಳಗಿಂದು ಯಾರು ನೋಡ್ತಾರ?"

"ಅವ ಅಲ್ಲೇ ಇರ್ತಾನ" ಎಂದ ದೇವಿಂದ್ರಪ್ಪ. ಚಂದಮ್ಮ ಅರಗು ಕಾಸಲು ಕೂತಳು. ಮುಚ್ಚುವ ಮುಂಚೆ ಅವನು ಹಡಗಿನ ಮೇಲಿದ್ದ ಏಣಿಯನ್ನು ಕಿತ್ತು ಹೊಟ್ಟೆಯೊಳಗೆ ನಿಲ್ಲಿಸಿದ, ಆಮೇಲೆ ಹೊಟ್ಟೆಯನ್ನು ಹಡಗಿನ ಬುಡಕ್ಕೆ ಜೋಡಿಸಿ ಸಂದಿಗಳಿಗೆ ಅರಗು ತುಂಬಿದ. ಬಾನಿಯಲ್ಲಿಟ್ಟು ನೋಡಿದರೆ ನೀರು ಸಾಲದೆ ತಳ ಮುಟ್ಟಿತು. ಇನ್ನು ಕೆರೆಯೇ ಹೇಳಬೇಕಿತ್ತು.

ತ್ರಿಪುರಾಂತ ಕೆರೆಯ ದಂಡೆಯಲ್ಲಿ ಹೊತ್ತು ಇಳಿಯುತ್ತಿತ್ತು. ಅಕ್ಬರಿ ಹಡಗಿನ ಮೇಲೆ ಚೂರು ಹರಕೆಯ ಸಿಹಿ ಮಾಲೀದಾ ಇಟ್ಟು, ತುಪ್ಪದ ದೀಪ ಹಚ್ಚಿದಳು. ಅವಳ ಕಣ್ಣು ಖಾಲಿ ಜಾಗಕ್ಕೆ ಹೋಯಿತು.

"ಇಲ್ಲಿ ಏಣಿ ಇತ್ತಲ್ರಿ ಕಾಕಾ?"

"ಕೆಳಗ ಹಾಕೀನವ್ವಾ. ಮ್ಯಾಲ ಬರಾಕ ಬೇಕಲ್ಲ."

ದೇವಿಂದ್ರಪ್ಪ ಮೊಣಕಾಲುದ್ದ ನೀರಿಗಿಳಿದು ಕೈ ಬಿಟ್ಟ. ಹಡಗು ಎಡಕ್ಕೆ ವಾಲಿತು. ದೀಪದ ಕುಡಿ ನೀರಿನ ಕಡೆ ಬಾಗಿತು. ಅಕ್ಬರಿ ಜೊತೆಗೆ ಬಂದಿದ್ದ ಚಂದಮ್ಮನ ರಟ್ಟೆ ಹಿಡಿದುಕೊಂಡಳು. ಹಡಗು ಬಲಕ್ಕೆ ತೂಗಿತು, ಮತ್ತೆ ತುಸು ಎಡಕ್ಕೆ, ಆಮೇಲೆ ನೆಟ್ಟಗಾಯಿತು. ಹೊಸ ಹೊಟ್ಟೆಯೆಲ್ಲ ನೀರೊಳಗೆ ಮರೆಯಾಯಿತು. ನೀರು ಮೇಲೇರಿ, ಮೊಳೆಯಿಂದ ಗೀರಿದ ಗೆರೆಗೆ ಬಂದು ನಿಂತಿತು.