ಎಂಟಡಿಯ ಅಭ್ಯಾಸ

ಅಗ್ನಿಶಾಮಕ ಠಾಣೆಯಲ್ಲಿ ಎಲ್ಲರೂ ಅವನನ್ನು ಏಣಿಮಾವ ಎಂದೇ ಕರೆಯುತ್ತಿದ್ದರು. ತಂಗಿಯ ಮಗನೂ ಅದೇ ಠಾಣೆಗೆ ಸೇರಿ, "ಮಾವ, ಮಾವ" ಎಂದು ಹಿಂದೆಮುಂದೆ ಸುತ್ತುತ್ತಿದ್ದುದರಿಂದ ಅಂಟಿಕೊಂಡ ಹೆಸರು ಅದು. ಇಪ್ಪತ್ತೆರಡು ವರ್ಷ ಏಣಿ ಹೊತ್ತ ಹೆಗಲು ಅವನದು. ಆ ಹೆಗಲ ಮೇಲೆ ಒಂದಿಷ್ಟು ಜಂಬವೂ ಕೂತಿತ್ತು ಎಂದರೆ ತಪ್ಪಲ್ಲ.

ವಾರಕ್ಕೊಮ್ಮೆ ಏಣಿ ಅಭ್ಯಾಸವೇನೋ ನಡೆಯುತ್ತಿತ್ತು. ಆದರೆ ಯಾವಾಗಲೂ ಠಾಣೆಯ ಹಿಂದಿನ ಗೋಡೆಗೇ. ಒಂದೇ ಜಾಗದಲ್ಲಿ ವರ್ಷಗಟ್ಟಲೆ ಊರಿ ಊರಿ ಸಿಮೆಂಟು ನೆಲದಲ್ಲಿ ಎರಡು ಗುಳಿ ಬಿದ್ದಿದ್ದವು. ಏಣಿಯ ಕಾಲುಗಳನ್ನು ಅವುಗಳಲ್ಲಿ ಇಳಿಸಿದರೆ ಮುಗಿಯಿತು, ಏಣಿ ಮಿಸುಕುತ್ತಿರಲಿಲ್ಲ. ಅಳೆಯುವ ಗೋಜಿಲ್ಲ, ಬುಡ ಹಿಡಿಯಲು ಜನವೂ ಬೇಡ.

ತರಬೇತಿ ಕೊಡಲು ಹೊಸದಾಗಿ ಬಂದ ಮೇಡಂ ಒಂದು ದಿನ ಇದನ್ನು ನೋಡಿದರು.

"ಏಣಿಮಾವ, ಗುಳಿ ಇಲ್ಲದ ಕಡೆ ಏನ್ಮಾಡ್ತೀರಿ?"

"ಗೋಡೆಯಿಂದ ಎಂಟಡಿ ಆಚೆ ಇಡ್ತೀವಿ ಮೇಡಂ. ನನ್ನ ಕಾಲಿಗೇ ಗೊತ್ತು."

"ಈ ಗೋಡೆಗೆ ಎಂಟಡಿ ಸರಿ. ಇಲ್ಲಿ ಏಣಿ ಒರಗೋದು ಮೂವತ್ತೆರಡು ಅಡಿ ಎತ್ತರಕ್ಕೆ. ನಾಲ್ಕಡಿ ಎತ್ತರಕ್ಕೆ ಬುಡ ಒಂದಡಿ ಆಚೆ, ಅದು ಲೆಕ್ಕ. ಹದಿನಾರು ಅಡಿ ಕಿಟಕಿಗೆ ನಾಲ್ಕೇ ಅಡಿ. ಬೀದಿಗೆ ಹೋಗಿ ಬೇರೆ ಬೇರೆ ಮನೆ ಗೋಡೆಗೆ ಇಟ್ಟು ಕಲಿಯೋಣ ಬನ್ನಿ."

"ಈ ವಯಸ್ಸಲ್ಲಿ ಬೀದೀಲಿ ನಿಂತು ಏಣಿ ಇಡೋದು ಕಲೀತಿದಾನೆ ಅಂತ ಜನ ನಗಲ್ವಾ? ಗೋಡೆ ಬಣ್ಣ ಕಿತ್ತುಹೋಯ್ತು ಅಂತ ಮನೆಯವರು ಬೇರೆ ಜಗಳಕ್ಕೆ ಬರ್ತಾರೆ. ನಮ್ಮವರಿಗೆ ನಾನಿದೀನಿ, ಬಿಡಿ ಮೇಡಂ."

ಅಳಿಯ ಪಕ್ಕದಲ್ಲೇ ನಿಂತಿದ್ದ. "ಒಂದ್ಸಲ ಹೋಗಿ ಬರೋಣ ಮಾವ" ಎಂದ, ಮೆಲ್ಲಗೆ. ಮಾವ ತಿರುಗಿ ನೋಡಿದ ನೋಟಕ್ಕೆ ಏಣಿ ಎತ್ತಿಡಲು ಹೋದ.

ತಿಂಗಳು ಕಳೆದಿರಲಿಲ್ಲ. ಒಂದು ಬೆಳಗ್ಗೆ ಪೇಟೆಯ ದರ್ಜಿ ಅಂಗಡಿಗೆ ಬೆಂಕಿ ಬಿತ್ತು. ಮೇಲಿನ ಮನೆಯ ಕಿಟಕಿಯಲ್ಲಿ ದರ್ಜಿಯ ತಾಯಿ ಕೆಮ್ಮುತ್ತಾ ಕೈ ಬೀಸುತ್ತಿದ್ದಳು. ಕಿಟಕಿ ಹದಿನಾರು ಅಡಿ ಎತ್ತರದಲ್ಲಿತ್ತು. ಏಣಿಮಾವನ ಕಾಲು ತನಗೆ ಗೊತ್ತಿದ್ದಷ್ಟೇ ದೂರ ನಡೆದು ನಿಂತಿತು. ಎಂಟಡಿ. ಅಂಗಡಿ ಮುಂದೆ ನುಣುಪಾದ ಟೈಲ್ಸ್ ಹಾಕಿದ್ದರು. ಅಳಿಯ ಸರಸರನೆ ಏರಿದ. ಠಾಣೆಯಲ್ಲಿ ಯಾರಿಗೂ ಬುಡ ಹಿಡಿದು ಗೊತ್ತಿರಲಿಲ್ಲ, ಇಲ್ಲೂ ಹಿಡಿಯಲಿಲ್ಲ. ನೀರಿನ ಪೈಪು ತರಲು ಕೂಗುತ್ತಾ ಏಣಿಮಾವ ನಾಲ್ಕು ಹೆಜ್ಜೆ ಆಚೆ ಹೋದ.

ಬೆನ್ನ ಹಿಂದೆ ಏಣಿ ಜಾರಿದ ಸದ್ದು ಕೇಳಿತು.

ಅಳಿಯನ ಸೊಂಟದ ಮೂಳೆ ಮುರಿಯಿತು. ಮೇಡಂ ಬಂದು ಏಣಿಯನ್ನು ಮತ್ತೆ ನಿಲ್ಲಿಸಿ, ಬುಡ ಗೋಡೆಯ ಹತ್ತಿರಕ್ಕೆ ಎಳೆಸಿ, ತಾವೇ ಹಿಡಿದು ನಿಂತು, ಬೇರೊಬ್ಬನನ್ನು ಹತ್ತಿಸಿ ಆ ತಾಯಿಯನ್ನು ಇಳಿಸಿದರು. ಆಕೆಯ ಜೀವವೇನೋ ಉಳಿಯಿತು. ಅಷ್ಟು ಹೊತ್ತು ಹೊಗೆ ಕುಡಿದ ಎದೆ ಮಾತ್ರ ಮೊದಲಿನಂತಾಗಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ತಂಗಿ ಕೇಳಿದಳು: "ಅಣ್ಣಾ, ಅವನು ಕೆಲಸ ಸರಿಯಾಗಿ ಕಲ್ತಿರಲಿಲ್ವಾ?"

"ಕಲ್ತಿದ್ದ ಕಣೇ. ನಾನು ಹೇಳ್ಕೊಟ್ಟಿದ್ದನ್ನೇ ಕಲ್ತಿದ್ದ."

ಜನ ನಗುತ್ತಾರೆಂದು ಹೆದರಿದ್ದ ಮನುಷ್ಯ ಅಷ್ಟೂ ಜನರ ಎದುರು ಅತ್ತ. ಹುಡುಗ ನಡೆಯಲು ವರ್ಷ ಬೇಕು, ಏಣಿ ಹತ್ತುವುದನ್ನು ಮರೆತುಬಿಡಿ ಎಂದರು ಡಾಕ್ಟರು.

ಅಳಿಯನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ಮರುವಾರ ಏಣಿಮಾವ ಮೇಡಂ ಮುಂದೆ ಹೋಗಿ ನಿಂತ. "ಮೊದಲಿಂದ ಹೇಳ್ಕೊಡಿ" ಎಂದ. ಎಲ್ಲರೂ ಏಣಿ ಹೊತ್ತು ಬೀದಿಗಿಳಿದರು. ಒಂದು ಮನೆಯವರು ಗೋಡೆ ಹಾಳಾಗುತ್ತದೆ ಎಂದರು, ಇನ್ನೊಂದು ಮನೆಯವರು ಬಾಗಿಲನ್ನೇ ತೆರೆಯಲಿಲ್ಲ. ಸುದ್ದಿ ತಿಳಿದ ತಂಗಿ ಹೇಳಿ ಕಳಿಸಿದಳು: "ನಮ್ಮ ಗೋಡೆಗೇ ಇಡಿ. ಬಣ್ಣ ಹೋದ್ರೆ ಹೋಯ್ತು."

ಮಹಡಿಯ ಕಿಟಕಿಯ ಹತ್ತಿರ ಕುರ್ಚಿ ಹಾಕಿ ಅಳಿಯನನ್ನು ಕೂರಿಸಿದ್ದರು. ಮೇಡಂ ಹೇಳಿಕೊಟ್ಟರು: "ಕಾಲಿನ ತುದಿ ಏಣಿ ಬುಡಕ್ಕೆ ತಾಗಿಸಿ ನೆಟ್ಟಗೆ ನಿಲ್ಲಿ. ಕೈ ಮುಂದಕ್ಕೆ ಚಾಚಿ. ಭುಜದ ಮಟ್ಟದ ಮೆಟ್ಟಿಲಿಗೆ ಅಂಗೈ ಮುಟ್ಟಿದ್ರೆ ಏಣಿ ಸರಿಯಾಗಿದೆ." ಏಣಿಮಾವ ನಿಂತು ಕೈ ಚಾಚಿದ.

"ಮಾವ, ಅಂಗೈ ಮುಟ್ತಿಲ್ಲ. ಬುಡ ಒಳಗೆ ತಗೋ" ಎಂದ ಅಳಿಯ ಮೇಲಿನಿಂದ.

ಏಣಿಮಾವ ಮರುಮಾತಿಲ್ಲದೆ ಒಳಗೆ ತೆಗೆದುಕೊಂಡ. ಮತ್ತೆ ಕೈ ಚಾಚಿದ. ಮುಟ್ಟಿತು. ಒಬ್ಬ ಹತ್ತಿ ಕಿಟಕಿಯವರೆಗೆ ಹೋಗಿ ಇಳಿದ. ಇಳಿದು ಪಕ್ಕಕ್ಕೆ ಸರಿದು ನಿಂತರೂ ಏಣಿಮಾವ ಬುಡ ಬಿಟ್ಟಿರಲಿಲ್ಲ.

"ಇಳಿದಾಯ್ತು ಮಾವ, ಇನ್ನು ಬಿಡು" ಎಂದ ಅಳಿಯ. ಆಮೇಲೆಯೇ ಅವನು ಕೈ ತೆಗೆದದ್ದು.

ಏಣಿ ಹೊರುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಎಷ್ಟೇ ವರ್ಷದ ಅನುಭವವಿರಲಿ, ಬೇರೆ ಬೇರೆ ಗೋಡೆಗೆ, ಬೇರೆ ಬೇರೆ ನೆಲದಲ್ಲಿ ಅಭ್ಯಾಸ ಮಾಡಿ. ಪ್ರತಿ ಸಲವೂ ಅಳೆಯಿರಿ. ಮೇಲಿರುವವರು ನೆಲ ಮುಟ್ಟುವ ತನಕ ಒಬ್ಬರು ಬುಡ ಹಿಡಿದೇ ಇರಿ. ಮನೆಯಲ್ಲಿರುವ ನೀವೂ ಕೇಳಿ. ಅಗ್ನಿಶಾಮಕದವರು ಏಣಿ ಹೊತ್ತು ನಿಮ್ಮ ಬಾಗಿಲಿಗೆ ಬಂದು ಒಂದರ್ಧ ಗಂಟೆ ಗೋಡೆ ಕೇಳಿದರೆ ಇಲ್ಲವೆನ್ನಬೇಡಿ. ಬಣ್ಣ ಇನ್ನೊಮ್ಮೆ ಬಳಿಯಬಹುದು.