ಜ್ವರವಿಲ್ಲದ ಬೇನೆ

ಡಬ್ಬಿಯಲ್ಲಿ ಮೂರು ದಿನದ ಗುಳಿಗೆಗಳು ಹಾಗೆಯೇ ಉಳಿದಿದ್ದವು. ಗೌಸಿಯಾಬೇಗಂ ಎರಡು ಸಲ ಎಣಿಸಿದಳು. ಹಿಂದಿನ ವರ್ಷ, ೧೯೯೩ರಲ್ಲಿ, ಹೈದರಾಬಾದಿನಲ್ಲಿ ತನ್ನ ಎಡಗಡೆಯ ಕಿಡ್ನಿಯನ್ನು ತಮ್ಮ ಮುರ್ತುಜಾನಿಗೆ ಕೊಟ್ಟವಳು ಅವಳು. ಪರರ ಅಂಗವೆಂದು ಅವನ ದೇಹ ಅದನ್ನು ತಿರಸ್ಕರಿಸದಂತೆ ಕಾಯುತ್ತಿದ್ದದ್ದು ಈ ಗುಳಿಗೆಗಳೇ. ತಮ್ಮನಿಗೆ ಜುಲಾಬು, ಭೇದಿ ನಿಲ್ಲುತ್ತಿಲ್ಲವೆಂಬ ಸುದ್ದಿ ಕೇಳಿ ಆಳಂದದಿಂದ ಜೇವರ್ಗಿಗೆ ಓಡಿ ಬಂದಿದ್ದಳು.

“ಯಾರು ಬಂದ್ ಮಾಡಿದ್ರು ಇವನ್ನ?”

ತಮ್ಮನ ಹೆಂಡತಿ ಫಕ್ರುನ್ನಿಸಾ ಸೆರಗು ಹಿಂಡಿದಳು. “ಗುಳಿಗಿ ಉಷ್ಣ, ಅದಕ್ಕ ಜುಲಾಬು ನಿಲ್ಲವಲ್ದು ಅಂತ ಡಾಕ್ಟರ್ರೇ ಅಂದ್ರು, ಆಪಾ.”

ಡಾಕ್ಟರೆಂದರೆ ಮಲ್ಕಪ್ಪ, ಮೊದಲು ಕಂಪೌಂಡರ್, ಈಗ ಸ್ವಂತ ದವಾಖಾನೆ. ಅವನು ಮುರ್ತುಜಾನ ಮಂಚದ ಪಕ್ಕದಲ್ಲೇ ಕುಳಿತಿದ್ದ.

“ಮೈ ಮುಟ್ಟಿ ನೋಡ್ರಿ ಬೇಗಂ ಅವರ, ಜ್ವರ ಎಲ್ಲದಾವ? ಜ್ವರ ಇಲ್ಲಂದ್ರ ಹೊಟ್ಯಾಗ ಕೀಟಾಣು ಇಲ್ಲ. ಬರೇ ಉಷ್ಣ. ಮಜ್ಜಿಗಿ ಕುಡಸ್ರಿ.”

“ಕೀಟಾಣು ಜೋಡಿ ಕಾದಾಡೋ ಶಕ್ತಿನೇ ಈ ಗುಳಿಗಿ ಕಡಿಮಿ ಮಾಡ್ತಾವ. ಕಾದಾಡಲಾರದ ಮೈಗೆ ಜ್ವರ ಎಲ್ಲಿಂದ ಬರಬೇಕ್ರಿ?”

“ನೀವೇನು ಡಾಕ್ಟರಕಿ ಓದೀರೇನು?”

“ಓದಿಲ್ರಿ. ಹೊಟ್ಟಿ ಕೊಯ್ಸಿಕೊಂಡೇನಿ. ನೀವೆಷ್ಟು ಕೊಯ್ಸಿಕೊಂಡೀರಿ?”

ಮುರ್ತುಜಾ ಕಣ್ಣು ತೆರೆದ. “ಅವ್ರಿಗಿ ಬೈಬ್ಯಾಡ ಆಪಾ. ನಾನೂ ಹ್ಞೂಂ ಅಂದೆ. ನುಂಗಿ ನುಂಗಿ ಸಾಕಾಗೇದ.”

“ಸಾಕಾಗೇದ? ಹಂಗಾದ್ರ ನಂದು ನನಗ ವಾಪಸ್ ಕೊಡು!”

ಆ ದಿನದ ಗುಳಿಗೆಗಳನ್ನು ತಾನೇ ನುಂಗಿಸಿ, ಊರಿನ ಚಮನಸಾಬನ ಬಾಡಿಗೆ ಜೀಪಿನಲ್ಲಿ ತಮ್ಮನನ್ನು ಮಲಗಿಸಿ, ತಾನೂ ಹತ್ತಿ ಗುಲಬರ್ಗಾದ ದೊಡ್ಡ ದವಾಖಾನೆಗೆ ಹೊರಟಳು.

ಭೀಮಾ ಸೇತುವೆ ದಾಟಿದ ಮೇಲೆ ಕೇಳಿದಳು: “ಮುಂಜಾನಿಂದ ಎಷ್ಟು ಉಚ್ಚಿ ಹೊಯ್ದಿ?”

“ಹೊಯ್ದೇ ಇಲ್ಲ.”

ಜೀಪು ನಿಲ್ಲಿಸಿ, ಆಪರೇಶನ್ನಿನ ಬಳಿಕ ಅವನ ಉಚ್ಚೆ ಅಳೆಯಲೆಂದು ಇಟ್ಟುಕೊಂಡಿದ್ದ ಗೆರೆ ಹಾಕಿದ ಲೋಟವನ್ನು ಚೀಲದಿಂದ ತೆಗೆದು ಅವನ ಕೈಗಿಟ್ಟಳು.

“ನಿನ್ನ ಮುಂದ? ನಾಚಿಕಿ ಬರ್ತದ ಆಪಾ.”

“ಹೊಯ್ಯೂದು ನನ್ನ ಕಿಡ್ನಿ. ನಿನಗ್ಯಾಕಲೇ ನಾಚಿಕಿ?”

ಚಮನಸಾಬ ಕಿಸಕ್ಕನೆ ನಕ್ಕ. ಅವನಿಗೂ ಬೈದು, ಜೋಳದ ಹೊಲದ ಕಡೆ ಮುಖ ತಿರುಗಿಸಿ ನಿಂತಳು. ಬಹಳ ಹೊತ್ತು ಗಾಳಿಯ ಸದ್ದು ಮಾತ್ರ ಕೇಳಿಸಿತು. ಆಮೇಲೆ ಹನಿ ಬಿದ್ದ ಸಪ್ಪಳ.

ಲೋಟವನ್ನು ಬಿಸಿಲಿಗೆ ಹಿಡಿದಳು. ಕರಿ ಚಹಾದ ಬಣ್ಣ. ಮೊದಲ ಗೆರೆಗಿಂತ ತುಸು ಕೆಳಗೆ, ಸುಮಾರು ಇಪ್ಪತ್ತು ಮಿಲಿಲೀಟರ್. ಬಲು ಕಡಿಮೆ, ಆದರೆ ಸೊನ್ನೆಯಲ್ಲ; ಕಿಡ್ನಿ ಇನ್ನೂ ಪೂರ್ತಿ ನಿಂತಿಲ್ಲ.

“ಜಲ್ದಿ ಹೊಡಿ ಗಾಡಿ,” ಎಂದಳು. ಗುಲಬರ್ಗಾ ಮುಟ್ಟುವವರೆಗೆ ಒಂದು ಕೈಯಲ್ಲಿ ಆ ಲೋಟ, ಇನ್ನೊಂದರಲ್ಲಿ ತಮ್ಮನ ಮಣಿಕಟ್ಟು. ಬಾಯಲ್ಲಿ ಮಾತ್ರ ಮಲ್ಕಪ್ಪನ ಏಳು ತಲೆಮಾರಿಗೂ ಬೈಗುಳದಿಂದ ಬಿಡುವಿರಲಿಲ್ಲ.