ಒಂದು ಸೇರು ತೌಡು

ಕುಂದ್ರವ್ವ ಅಂದರೂ ಕೂರದವರ ಅರ್ಜಿ ಬರೆಯುವುದೆಂದರೆ ನನಗೆ ಮೈಯೆಲ್ಲ ಉರಿ. ಹೊಸಪೇಟೆ ತಾಲೂಕು ಕಚೇರಿಯ ಮುಂದಿನ ಬೇವಿನ ಮರದಡಿ ಹದಿನೆಂಟು ವರ್ಷದಿಂದ ಪೆಟ್ಟಿಗೆ ಇಟ್ಟುಕೊಂಡು ಕೂತವನು ನಾನು, ಅರ್ಜಿ ಗಾದಿಲಿಂಗಪ್ಪ. ಹೊಲದ ತಕರಾರು, ಕಾಲುವೆ ನೀರಿನ ಜಗಳ, ಎಲ್ಲ ಬರೆದಿದ್ದೇನೆ. ಆದರೆ ಮೂವತ್ತನಾಲ್ಕನೇ ಇಸವಿಯಲ್ಲಿ ಕಂಪ್ಲಿಯ ವಿರುಪಮ್ಮ ಬಂದ ದಿನದಿಂದ ನನ್ನ ಲೇಖನಿ ನೆಟ್ಟಗೆ ನಿಲ್ಲಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡ ಹೆಂಗಸು. ಮರದಿಂದ ಗೇಟಿಗೆ, ಗೇಟಿನಿಂದ ಮರಕ್ಕೆ. ಹಿಂದೆಯೇ ಏಳು ವರ್ಷದ ಹುಡುಗಿ ತಿಪ್ಪಮ್ಮ, ಅದೂ ಅಷ್ಟೇ ಜೋರಾಗಿ.

ಆಕೆಯ ಗಂಡ ಓಬಳೇಶ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದವನು. ಎರಡು ವರ್ಷದ ಹಿಂದೆ ಸಮುದ್ರ ದಾಟಿ ಆಫ್ರಿಕಾದ ಮೊಂಬಾಸಾಕ್ಕೆ ಹೋಗಿ ಅಲ್ಲೊಂದು ಗಿರಣಿಗೆ ಮೇಸ್ತ್ರಿಯಾಗಿದ್ದ. ಈಗ ಹೆಂಡತಿಯನ್ನೂ ಮಗುವನ್ನೂ ಕರೆಸಿಕೊಳ್ಳಲು ಬೊಂಬಾಯಿಯಿಂದ ಹೊರಡುವ ಹಡಗಿನ ಟಿಕೀಟು ಕಳಿಸಿದ್ದ. ಮಗುವಿಗೆ ಏನೇನು ಬೇಕು ಎಂದು ನಾನು ಕಚೇರಿಯ ಗುಮಾಸ್ತರನ್ನು ಕೇಳಿಕೊಂಡು ಬಂದೆ. ಬೇರೆ ಪಾಸ್‌ಪೋರ್ಟು ಬೇಡ, ತಾಯಿಯ ಪುಸ್ತಕದಲ್ಲೇ ಹೆಸರು ಸೇರಿಸುತ್ತಾರೆ. ಅದಕ್ಕೆ ಇಬ್ಬರ ಫೋಟೋ, ಸಿಡುಬು ಬಾರದ ಹಾಗೆ ದೇವಿ ಹಾಕಿಸಿದ ಚೀಟಿ, ನಾನೇ ಸಾಕುತ್ತೇನೆ ಎಂದು ತಂದೆ ಬರೆದ ಕಾಗದ, ಊರಿನ ಹುಟ್ಟು ಸಾವಿನ ಪುಸ್ತಕದ ನಕಲು. ಇಷ್ಟೇ ತಾನೆ, ಚಿಟಿಕೆ ಹೊಡೆಯುವಷ್ಟರಲ್ಲಿ ಆಗುತ್ತದೆ ಎಂದುಬಿಟ್ಟೆ. ನನ್ನ ಬಾಯಿಗೆ ಬೀಗ ಹಾಕಬೇಕಿತ್ತು.

ಕಂಪ್ಲಿಯಿಂದ ನಕಲು ಬಂತು. ತಿಪ್ಪಮ್ಮನ ತಾಯಿಯ ಹೆಸರು ಎರ್ರೆಮ್ಮ, ಗಿರಣಿ ಕೂಲಿ, ಎಂದು ಅದರಲ್ಲಿತ್ತು.

ನನಗೆ ಕೋಪ ನೆತ್ತಿಗೇರಿತು. ಯಾರದೋ ಕೂಸನ್ನು ಹಡಗು ಹತ್ತಿಸಲು ನನ್ನ ಕೈಲಿ ಬರೆಸುತ್ತೀಯಾ ಎಂದು ಬೈದೆ. ಆಕೆ ಅವತ್ತು ಮೊದಲ ಸಲ ನಿಂತಳು. ಹುಡುಗಿಯನ್ನು ನೀರು ಕುಡಿದು ಬಾ ಎಂದು ಬಾವಿಕಟ್ಟೆಗೆ ಕಳಿಸಿ, ಅದು ದೂರ ಹೋದ ಮೇಲೆ ದನಿ ತಗ್ಗಿಸಿ ಹೇಳಿದಳು. ಮೊದಲು ಹುಟ್ಟಿದ ಎರಡೂ ಕೂಸು ತೊಟ್ಟಿಲಲ್ಲೇ ಹೋದವು. ಮೂರನೆಯದು ಹುಟ್ಟಿದಾಗ ಅತ್ತೆ ಅದನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟಳು. ಹಿತ್ತಲಿಗೆ ಹಿತ್ತಲು ಕೂಡಿದ ಮನೆಯ ಎರ್ರೆಮ್ಮ ಒಂದು ಸೇರು ತೌಡು ಕೊಟ್ಟು ಕೊಂಡಳು. ಎರ್ರೆಮ್ಮನಿಗೆ ಮಕ್ಕಳಿಲ್ಲ. ಮಕ್ಕಳೇ ಇಲ್ಲದ ಮನೆಗೆ ಮಕ್ಕಳನ್ನು ಒಯ್ಯುವ ಸಾವು ಯಾಕೆ ಬರುತ್ತದೆ ಎಂಬುದು ಅತ್ತೆಯ ವಾದ. ಈ ವ್ಯಾಪಾರ ನಮ್ಮ ಸೀಮೆಗೆ ಹೊಸದಲ್ಲ. ತಿಪ್ಪಣ್ಣ ತಿಪ್ಪಮ್ಮಂದಿರು ಊರಿಗೆ ಹತ್ತು ಜನ ಸಿಗುತ್ತಾರೆ. ಆದರೆ ಸಾವಿಗೆ ಓದು ಬರಹ ಬಂದರೆ ಏನು ಗತಿ ಎಂದು ಸರ್ಕಾರದ ಪುಸ್ತಕದಲ್ಲೂ ಹಾಗೇ ಬರೆಸಿದ ಮುದುಕಿಯನ್ನು ನಾನು ಕಂಡಿರಲಿಲ್ಲ.

"ಅಕಿ ಎರ್ರೆಮ್ಮಗ ಅವ್ವ ಅಂತಾಳ್ರಿ, ನನಗ ಚಿಗವ್ವ. ಏಳು ವರ್ಷ ಆತು, ನಾ ಒಮ್ಮೆನೂ ಮಗಳ ಅಂತ ಕರದಿಲ್ರಿ," ಎಂದಳು.

ನನಗೆ ಬುದ್ಧಿ ಜಾಸ್ತಿ ಎಂದು ನನ್ನ ಹೆಂಡತಿ ಆಗಾಗ ಹೇಳುತ್ತಾಳೆ, ಹೊಗಳಿಕೆಯಾಗಿ ಅಲ್ಲ. ಹಾಗಿದ್ದರೆ ಹಾಗೇ ಇರಲಿ, ತಾಯಿ ಎರ್ರೆಮ್ಮನೇ, ನೀನು ಚಿಕ್ಕಮ್ಮನೇ, ಅವಳಿಂದ ಒಪ್ಪಿಗೆ ಪತ್ರ ಬರೆಸಿದರಾಯಿತು ಎಂದೆ. ಎರ್ರೆಮ್ಮ ಮೋಟಾರಿನಲ್ಲಿ ಬಂದಳು. ತಲೆಗೂದಲಿಗೆಲ್ಲ ಗಿರಣಿಯ ಧೂಳು. 'ನನ್ನ ಮಗಳು ತಿಪ್ಪಮ್ಮ ತನ್ನ ಚಿಕ್ಕಮ್ಮನ ಜೊತೆ ಪರದೇಶಕ್ಕೆ ಹೋಗಲು ನನ್ನ ಪೂರ್ಣ ಒಪ್ಪಿಗೆ ಇದೆ' ಎಂದು ಓದಿ ಹೇಳಿದೆ. ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಂಡವಳು ಒತ್ತುವ ಮೊದಲು, ಆ ಮೊದಲಿನ ಎರಡು ಮಾತು ಇನ್ನೊಮ್ಮೆ ಓದ್ರಿ ಎಂದಳು. ಓದಿದೆ. ಒತ್ತಿ ಎದ್ದು ಹೋದಳು.

ಇಪ್ಪತ್ತು ದಿನಕ್ಕೆ ಬಳ್ಳಾರಿಯ ಕಲೆಕ್ಟರ್ ಕಚೇರಿಯಿಂದ ಪತ್ರ ವಾಪಸು ಬಂತು. ಸ್ವಂತ ಮಗುವಾದರೆ ಮಾತ್ರ ಹೆಸರು ಸೇರಿಸಬಹುದು, ಹುಟ್ಟು ಸಾವಿನ ಪುಸ್ತಕದಲ್ಲಿ ತಪ್ಪಿದ್ದರೆ ಇಬ್ಬರು ಹೆಂಗಸರೂ ತಹಸೀಲ್ದಾರರ ಮುಂದೆ ಹೇಳಿಕೆ ಕೊಟ್ಟು ತಿದ್ದಿಸಬೇಕು. ವಿರುಪಮ್ಮನ ಪಾಸ್‌ಪೋರ್ಟು ಪುಸ್ತಕ ತಯಾರಾಗಿ ಬಂದಿತ್ತು, ಮಗುವಿನ ಹೆಸರಿನ ಜಾಗ ಖಾಲಿ. ಹಡಗಿಗೆ ಹನ್ನೆರಡು ದಿನ. ಆ ಇಪ್ಪತ್ತು ದಿನ ನುಂಗಿದ್ದು ನನ್ನ ಜಾಣತನವೇ. ನನಗೆ ನಾಚಿಕೆಯಾಯಿತು, ನಾಚಿಕೆಯಾದಾಗ ನನಗೆ ಸಿಟ್ಟು ಬರುತ್ತದೆ. ಹೋಗಿ ನನ್ನ ಮಗಳು ಎಂದು ಒಂದು ಮಾತು ಹೇಳಿ ಬಾ, ನಾಲಿಗೆ ಸವೆಯುತ್ತದಾ ಎಂದು ಆಕೆಯ ಮೇಲೆಯೇ ಹರಿಹಾಯ್ದೆ.

ಆಕೆ ಮರದ ಬೊಡ್ಡೆ ಹಿಡಿದುಕೊಂಡಳು. "ಹೇಳಿದ್ರ ಅದು ಕೇಳಿಸ್ಕೊಂತೈತ್ರಿ," ಎಂದಳು.

ಅದು ಎಂದರೆ ಯಾವುದು ಎಂದು ನಾನು ಕೇಳಲಿಲ್ಲ, ಎರಡು ತೊಟ್ಟಿಲು ಬರಿದು ಮಾಡಿದ್ದು ಅದೇ.

ಆಮೇಲಿನ ದಿನಗಳು ಯಾರಿಗೂ ಬೇಡ. ಆಕೆ ದಿನಾ ಮೊದಲ ಮೋಟಾರಿಗೆ ಬರುವಳು, ನಡೆಯುವಳು, ಹೋಗುವಳು. ಕೂಸನ್ನು ಇಲ್ಲೇ ಬಿಟ್ಟು ನೀನು ಗಂಡನ ಹತ್ತಿರ ಹೋಗು, ಅದು ಬದುಕಿದ್ದರೆ ಸಾಕು ಎಂದು ಅತ್ತೆ ಹೇಳಿದಳಂತೆ. ಒಂದು ಬೆಳಿಗ್ಗೆ ಅರ್ಜಿಯಲ್ಲಿ ಮಗುವಿನ ಹೆಸರು ಹೊಡೆದು ಹಾಕಿಬಿಡ್ರಿ ಎಂದಳು. ನಾನು ಲೇಖನಿ ಅದ್ದಿದೆ. ಕಾಗದದ ಮೇಲೆ ಕೈ ಅಡ್ಡ ಇಟ್ಟಳು. ತೆಗೆದಳು. ಮತ್ತೆ ಇಟ್ಟಳು. ಕೊನೆಗೆ ಕಾಗದವನ್ನೇ ಕಿತ್ತುಕೊಂಡು ಗೇಟಿನ ಕಡೆ ಹೋದಳು.

ಆ ಚಡಪಡಿಕೆ ನನಗೂ ಅಂಟಿತು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಕೆಲಸದ ದಿನ ಪೆಟ್ಟಿಗೆ ಮುಚ್ಚಿ ಕಂಪ್ಲಿ ಮೋಟಾರು ಹತ್ತಿದೆ. ಎರ್ರೆಮ್ಮ ಗಿರಣಿಯ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದಳು. ಇದ್ದದ್ದು ಇದ್ದ ಹಾಗೆ ಹೇಳಿದೆ. ಆಕೆ ಕೇರುವುದನ್ನು ನಿಲ್ಲಿಸಲಿಲ್ಲ. ಹುಡುಗಿ ಇಲ್ಲೇ ಉಳಿದರೆ ಉಳಿಯುವುದು ಆಕೆಯ ಹತ್ತಿರವೇ ಎಂಬುದು ಆಕೆಗೂ ಗೊತ್ತು, ನನಗೂ ಗೊತ್ತು. ಸುಮ್ಮನಿದ್ದರೆ ಸಾಕಿತ್ತು. ಮೊರದ ಅಕ್ಕಿ ಮುಗಿದ ಮೇಲೆ, ತಹಸೀಲ್ದಾರರು ಯಾವ ದಿನ ಸಿಗುತ್ತಾರೆ ಎಂದು ಮಾತ್ರ ಕೇಳಿದಳು.

ಹಡಗಿಗೆ ಆರು ದಿನ ಇರುವಾಗ ಎರ್ರೆಮ್ಮ ಹುಡುಗಿಯ ಕೈ ಹಿಡಿದುಕೊಂಡು ಕಚೇರಿಗೆ ಬಂದಳು. ವಿರುಪಮ್ಮ ಪಡಸಾಲೆಯಲ್ಲಿ ಈ ಕಂಬದಿಂದ ಆ ಕಂಬಕ್ಕೆ ತಿರುಗುತ್ತಿದ್ದಳು. ಎರ್ರೆಮ್ಮ ಆಕೆಯನ್ನು ಹಿಡಿದು ನಿಲ್ಲಿಸಿ ತಾನು ತಂದ ಗಂಟು ಬಿಚ್ಚಿದಳು. ಒಳಗೆ ತೌಡು.

"ಇದನ್ನ ಕೈಯಾಗ ತಗಾ," ಎಂದಳು. "ತಗೊಂಡು ನನ್ನ ಉಡಿಗೆ ಹಾಕು. ಅವತ್ತು ನಾ ಕೊಂಡಿದ್ದೆ, ಇವತ್ತು ನೀ ಕೊಂಡ್ಕಾ. ಕೊಂಡ ಮ್ಯಾಲ ನಿನ್ನ ಮಗಳಾ. ಯಾರು ಕೇಳಿಸ್ಕೊಂಡ್ರೂ ಏನಾಗ್ತೈತಿ?"

ಕೊಳ್ಳುವವಳ ಬೆಲೆಯನ್ನು ಮಾರುವವಳೇ ಹೊತ್ತು ತಂದಿದ್ದಳು. ನನ್ನ ಕಣ್ಣು ತುಂಬಿದವು, ಮುಚ್ಚಿಡುವುದೇನಿದೆ. ವಿರುಪಮ್ಮ ಬೊಗಸೆ ಬೊಗಸೆಯಾಗಿ ಆಕೆಯ ಉಡಿಗೆ ಸುರಿದಳು. ಅವಸರಕ್ಕೆ ಅರ್ಧ ನೆಲದ ಪಾಲಾಯಿತು. ಜವಾನ ಗೊಣಗಿದ.

ಒಳಗೆ ತಹಸೀಲ್ದಾರರು ಮೊದಲು ಎರ್ರೆಮ್ಮನನ್ನು ಈ ಮಗುವನ್ನು ಹೆತ್ತವಳು ನೀನೇನಾ ಎಂದು ಕೇಳಿದರು. ಮಾರಲು ಸಿದ್ಧಳಾಗಿ ಬಂದವಳು ಈ ಪ್ರಶ್ನೆಗೆ ಸಿದ್ಧಳಾಗಿರಲಿಲ್ಲವೆಂದು ಕಾಣುತ್ತದೆ. ಉಡಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಳು.

"ಇಲ್ರಿ," ಎಂದಳು. "ನನಗ ಮಕ್ಕಳಿಲ್ರಿ."

ಆಮೇಲೆ ವಿರುಪಮ್ಮ ಹೇಳಿದಳು, ಇವಳು ನನ್ನ ಮಗಳು ಎಂದು, ಆಚೆ ಕೋಣೆಯ ಗುಮಾಸ್ತರೆಲ್ಲ ತಲೆ ಎತ್ತುವಷ್ಟು ಜೋರಾಗಿ. ಏಳು ವರ್ಷದ ಮಾತು ಅದು. ಕೊನೆಗೆ ತಹಸೀಲ್ದಾರರು ಹುಡುಗಿಯನ್ನು ನಿಮ್ಮವ್ವ ಯಾರು ಎಂದು ಕೇಳಿದರು. ಅದು ತಡವರಿಸದೆ ವಿರುಪಮ್ಮನ ಕಡೆ ಬೆರಳು ಮಾಡಿ, ಇಕೀನ ನಮ್ಮವ್ವ ಎಂದಿತು. ಅವರು ಬರೆದುಕೊಳ್ಳತೊಡಗಿದರು. ನಾನು ಉಸಿರು ಬಿಟ್ಟೆ.

ಅಷ್ಟರಲ್ಲಿ ಹುಡುಗಿ ಓಡಿ ಹೋಗಿ ಎರ್ರೆಮ್ಮನ ಸೆರಗು ಜಗ್ಗಿತು. "ನೀ ಹೇಳಿಕೊಟ್ಟಂಗ ಹೇಳಿದೆನಬೇ ಅವ್ವಾ?"

ತಹಸೀಲ್ದಾರರ ಲೇಖನಿ ನಿಂತಿತು. ಅವರು ತಲೆ ಎತ್ತಿ ಒಬ್ಬಳ ಮುಖ ನೋಡಿದರು, ಇನ್ನೊಬ್ಬಳ ಮುಖ ನೋಡಿದರು. ಎಲ್ಲ ಕೆಟ್ಟಿತು ಎಂದುಕೊಂಡೆ. ಎರ್ರೆಮ್ಮ ಹುಡುಗಿಯ ಕೈಯಿಂದ ಸೆರಗು ಬಿಡಿಸಿಕೊಂಡಳು.

"ನನ್ನ ಯಾಕ ಕೇಳ್ತಿ," ಎಂದಳು. "ನಿಮ್ಮವ್ವನ್ನ ಕೇಳು."

ತಹಸೀಲ್ದಾರರು ಅರ್ಧಕ್ಕೆ ನಿಂತಿದ್ದ ಸಾಲು ಬರೆದು ಮುಗಿಸಿ ರುಜು ಹಾಕಿದರು. ಎರ್ರೆಮ್ಮ ಉಡಿಯ ತೌಡು ಚೆಲ್ಲದ ಹಾಗೆ ಹಿಡಿದುಕೊಂಡು ಮೆಟ್ಟಿಲಿಳಿದು ಕಂಪ್ಲಿ ಮೋಟಾರಿನ ಕಡೆ ನಡೆದಳು.